ಮನೆ ಭರಣಿಯ ಬೆಲ್ಲ

ಶಿಕಾರಿಪುರ
೧೭ ಜೂನ್ ೨೦೨೫, ಮಂಗಳವಾರ

ಪ್ರೀತಿಯ ರಾಜೀವಿ,

ಯೀಸ್ಟ್ ಇರುವುದು ನಿನ್ನ ಜೋನಿ ಬೆಲ್ಲದಲ್ಲೇ, ಬಾಟಲಿಯಲ್ಲಲ್ಲ. ನಿನ್ನೆ ಮಧ್ಯಾಹ್ನ ಪರೀಕ್ಷೆಯ ಏಳನೇ ದಿನದ ತಟ್ಟೆಗಳನ್ನು ಎಣಿಸಿ ಇದನ್ನು ಹೇಳಿದವನು ತೀರ್ಥೇಶ್, ನಮ್ಮ ಪ್ರಯೋಗಾಲಯದಲ್ಲಿ ನನ್ನ ಜೊತೆ ಎರಡು ವರ್ಷದಿಂದ ಕೆಲಸ ಮಾಡುತ್ತಿರುವವನು. ಈ ಸಲ ನಾನು ಒಂದು ತಟ್ಟೆಯನ್ನೂ ಮುಟ್ಟಲಿಲ್ಲ. ನಿಮ್ಮ ಬೆಲ್ಲದ ಘಟಕದ ದೊಡ್ಡ ಡಬ್ಬದಲ್ಲಿ, ಇನ್ನೂ ಬಾಟಲಿಗೆ ಸುರಿಯದೆ ಉಳಿದಿದ್ದ ಬೆಲ್ಲದಲ್ಲಿ, ಗ್ರಾಮಿಗೆ ನಲವತ್ತು ಸಾವಿರ ಯೀಸ್ಟ್ ಸಿಕ್ಕಿದೆ. ಮಧುಶ್ರೀ ತೊಳೆದು ಮುಚ್ಚಿಟ್ಟಿದ್ದ ಖಾಲಿ ಬಾಟಲಿಗಳಲ್ಲಿ ಒಂದೂ ಸಿಕ್ಕಿಲ್ಲ. ಬಾಟಲಿಯ ಮುಖವನ್ನೇ ನೋಡದ ಬೆಲ್ಲ ಹುಳಿ ಬಂದಿದೆ ಅಂದಮೇಲೆ ಬಾಟಲಿ ತೊಳೆದವಳದು ಏನು ತಪ್ಪು?

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅದೇ ಸಾಕೆಂದು ಅರ್ಧಕ್ಕೆ ನಿಲ್ಲಿಸುತ್ತೇನೆ. ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗಿನಿಂದಲೂ ಹಾಗೆಯೇ. ಈ ಸಲ ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ. ಮಧುಶ್ರೀಯ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ ಒಂದು ಖಾಲಿ ಇದೆ. ಅವಳು ಅರ್ಜಿ ಹಾಕಿದ್ದಾಳೆ. ಜೂನ್ ಎರಡರಂದು ಸಮಿತಿಯ ಸಭೆಯಲ್ಲಿ ಯಾರೋ ಎದ್ದುನಿಂತು, ಬೆಲ್ಲಕ್ಕೇ ಹುಳಿ ಬರಿಸಿದವಳ ಕೈಗೆ ಮಕ್ಕಳ ಅನ್ನ ಕೊಡೋದಾ ಅಂದರಂತೆ. ತೀರ್ಮಾನ ಮುಂದಕ್ಕೆ ಹೋಗಿದೆ. ನೀನು ಅವಳನ್ನು ಕೆಲಸ ಬಿಡಿಸಿದ ಸುದ್ದಿ ಅವಳಿಗಿಂತ ಮೊದಲೇ ಅವಳ ಊರು ತಲುಪಿತ್ತು.

ಈಗ ಫೆಬ್ರವರಿ ಹನ್ನೊಂದಕ್ಕೆ ಬರುತ್ತೇನೆ.

ಶಿವಮೊಗ್ಗದ ಅಂಗಡಿಗಳಿಗೆ ನಿನ್ನ ಬಾಟಲಿಗಳು ಹೋಗಬೇಕಿದ್ದರೆ ಯೀಸ್ಟ್ ಮತ್ತು ಬೂಷ್ಟಿನ ಪರೀಕ್ಷೆಯ ವರದಿ ಬೇಕಿತ್ತು. ಎಲ್ಲರೂ ನಮೂನೆಯನ್ನು ಕೊರಿಯರ್‌ನಲ್ಲಿ ಕಳಿಸುತ್ತಾರೆ. ನೀನು ಮಾತ್ರ, ಅದೆಲ್ಲ ಬೇಡ ಮಾರಾಯ್ತಿ, ನೀನೇ ಬಂದು ತಗೊಂಡು ಹೋಗು, ನಮ್ಮನೆ ನೋಡಿ ನಾಕು ವರ್ಷ ಆತು, ಅಂದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಹೊಸಬಾಳೆಗೆ ಬಂದಾಗ ಹನ್ನೊಂದೂವರೆ. ಪ್ರಯೋಗಾಲಯದ ಕೆಲಸಕ್ಕೆ ಬಂದಿದ್ದೇನೋ, ಗೆಳತಿಯ ಮನೆಗೆ ಬಂದಿದ್ದೇನೋ ಎನ್ನುವುದನ್ನು ನಾನು ಅಲ್ಲಿ ಕಾಲು ತೊಳೆಯುವಾಗಲೇ ತೀರ್ಮಾನಿಸಬೇಕಿತ್ತು. ತೀರ್ಮಾನಿಸಲಿಲ್ಲ. ತೆಳ್ಳೇವು ದೋಸೆ, ತುಪ್ಪ, ಜೋನಿ ಬೆಲ್ಲ ತಿಂದೆ. ಎಷ್ಟು ತಿಂದೆನೆಂದು ನೀನು ಲೆಕ್ಕ ಹೇಳಿ ನಗಾಡಿದೆ.

ಆಮೇಲೆ ಚೀಲದಿಂದ ಶುದ್ಧಗೊಳಿಸಿದ ಐದು ಪುಟ್ಟ ಶೀಶೆ ತೆಗೆದಿಟ್ಟು, ಘಟಕಕ್ಕೆ ಹೋಗಿ ಮುಚ್ಚಳ ಬಿಗಿದ ಬಾಟಲಿಗಳಲ್ಲಿ ಐದನ್ನು ನಾನೇ ಆರಿಸಿ ತೆಗೆಯಬೇಕು ಅಂದೆ. ನೀನು ಕೀಲಿಕೈ ತರಲು ಒಳಗೆ ಹೋದೆ. ಅಷ್ಟರಲ್ಲಿ ನಿನ್ನ ಅತ್ತೆಯವರು ಅಡುಗೆಮನೆಯಿಂದ ಭರಣಿಯನ್ನೇ ಎತ್ತಿಕೊಂಡು ಬಂದರು. ಘಟಕದ್ದು ಬೇಕಿತ್ತು ಅಮ್ಮ, ಮಾರಾಟಕ್ಕೆ ಇಟ್ಟದ್ದು, ಅಂದೆ. ಅವರು ನನ್ನ ಶೀಶೆಯ ಮುಚ್ಚಳ ತಾವೇ ತೆಗೆಯುತ್ತಾ, “ಮನೆಗೆ ಬಂದವ್ರಿಗೆ ಮಾರೂ ಬೆಲ್ಲ ಕೊಡೂದಾ? ಚಂದ ಆಗ್ತದಾ? ಇದು ಮನೆಗೆ ಅಂತ್ಲೇ ಕಾಸಿದ್ದು, ತಗಾ,” ಅಂದರು. ಸೌಟಿನಿಂದ ಒಂದೊಂದೇ ಶೀಶೆಗೆ ಸುರಿದರು. ಬೆಲ್ಲ ನಿಧಾನವಾಗಿ, ಹಗ್ಗದ ಹಾಗೆ ಇಳಿಯುತ್ತಿತ್ತು.

ರಾಜೀವಿ, ಬೇಡ ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಈಸೂರಿನಲ್ಲಿ ನನ್ನ ತವರಿನಲ್ಲೂ ಇದೇ ಪದ್ಧತಿ. ಬಂದವರಿಗೆ ಬಡಿಸುವ ತುಪ್ಪದ ಗಿಂಡಿಯೇ ಬೇರೆ, ಸಂತೆಗೆ ಹೋಗುವ ತುಪ್ಪವೇ ಬೇರೆ. ಬಂದವರಿಗೆ ಕಡಿಮೆಯದನ್ನು ಕೊಟ್ಟರೆ ಮನೆಗೆ ಮಾನವಿಲ್ಲ. ಕೊಟ್ಟದ್ದನ್ನು ಬೇಡ ಅಂದರೆ ಬಂದವರಿಗೆ ಮರ್ಯಾದೆಯಿಲ್ಲ. ನಿನ್ನ ಅತ್ತೆಯವರು ನನಗೆ ಮೋಸ ಮಾಡಲಿಲ್ಲ. ಇದ್ದದ್ದರಲ್ಲಿ ಉತ್ತಮವಾದದ್ದನ್ನು ಕೊಟ್ಟರು. ಪರೀಕ್ಷೆಗೆ ಬೇಕಾದದ್ದು ಉತ್ತಮವಾದದ್ದಲ್ಲ ಎಂದು ಗೊತ್ತಿದ್ದವಳು ಆ ಪಡಸಾಲೆಯಲ್ಲಿ ನಾನೊಬ್ಬಳೇ. ನೀನು ಕೀಲಿಕೈ ಹಿಡಿದು ಬಂದಾಗ, ಆಯ್ತು ಬಿಡು, ಅಮ್ಮ ಕೊಟ್ಟರು, ಅಂದೆ. ನೀನೂ ಸರಿ ಅಂದೆ. ಇಬ್ಬರೂ ಕಾಫಿ ಕುಡಿದೆವು.

ಮನೆಯ ಬೆಲ್ಲವನ್ನು ಮಳೆಗಾಲ ಕಳೆಯಲೆಂದು ಹೆಚ್ಚು ಹೊತ್ತು ಕಾಸುತ್ತೀರಿ. ಬಾಟಲಿಯದನ್ನು ಬೇಗ ಇಳಿಸುತ್ತೀರಿ, ಕಿರಿದಾದ ಬಾಯಿಂದ ಸುಲಭವಾಗಿ ಬೀಳಲಿ ಎಂದು ಗಿರಾಕಿಗಳೇ ಕೇಳುತ್ತಾರೆ. ಮಾರಾಟದ ಬೆಲ್ಲದಲ್ಲಿ ಮನೆಯದಕ್ಕಿಂತ ನೂರಕ್ಕೆ ಆರು ಪಾಲು ನೀರು ಹೆಚ್ಚಿದೆ. ಇದನ್ನೂ ತೀರ್ಥೇಶನೇ, ಫೆಬ್ರವರಿಯ ಶೀಶೆಗಳಲ್ಲಿ ಉಳಿದಿದ್ದ ಮನೆಯ ಬೆಲ್ಲವನ್ನು ಪಕ್ಕದಲ್ಲಿಟ್ಟು ಅಳೆದ. ಯೀಸ್ಟಿಗೆ ಅಷ್ಟು ನೀರು ಸಾಕು. ಇದು ನಿನಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಇಂಥದ್ದು ಹೇಳಲಿ ಎಂದೇ ಪರೀಕ್ಷೆ ಇರುವುದು.

ಪರೀಕ್ಷೆಯಲ್ಲಿ ನಾನು ಒಂದು ತಪ್ಪೂ ಮಾಡಲಿಲ್ಲ. ಇಷ್ಟು ದಿನ ನಾನು ಸುಮ್ಮನಿರಲು ಇದೇ ನೆಪವಾಯಿತು. ಬೆಲ್ಲವನ್ನು ತೂಗಿ, ಸಕ್ಕರೆ ಬೆರೆಸಿದ ಶುದ್ಧ ನೀರಿನಲ್ಲಿ ಕರಗಿಸಿದೆ. ಸಿಹಿಯಲ್ಲೇ ಬೆಳೆದ ಯೀಸ್ಟ್ ಬರಿಯ ನೀರಿಗೆ ಬಿದ್ದರೆ ಸತ್ತುಹೋಗಿ, ಇದ್ದದ್ದೂ ಇಲ್ಲವೆಂದು ಕಾಣುತ್ತದೆ. ತಟ್ಟೆಗೆ ಸವರಿ ಇಪ್ಪತ್ತೈದು ಡಿಗ್ರಿಯ ಪೆಟ್ಟಿಗೆಯಲ್ಲಿ ಅಲುಗಿಸದೆ ಇಟ್ಟೆ. ಬೂಷ್ಟು ಮೂರನೇ ದಿನಕ್ಕೇ ಹತ್ತಿಯ ಹಾಗೆ ಏಳುತ್ತದೆ. ಯೀಸ್ಟ್ ತಡ, ಬೆಣ್ಣೆಯ ಚುಕ್ಕೆಯ ಹಾಗೆ ಬರುತ್ತದೆ. ಮೂರನೇ ದಿನ ನೋಡಿದೆ, ಐದನೇ ದಿನ ನೋಡಿದೆ. ಸಿಹಿ ಪದಾರ್ಥಕ್ಕೆ ಏಳು ದಿನ ಕಾಯಬೇಕು, ಕಾದೆ. ಹದಿನೆಂಟು ತಟ್ಟೆಗಳಲ್ಲಿ ಏನೂ ಇರಲಿಲ್ಲ. ಫೆಬ್ರವರಿ ಹತ್ತೊಂಬತ್ತರಂದು ಸಹಿ ಹಾಕಿದೆ. ನಮೂನೆಯ ಕಾಗದದಲ್ಲಿ ‘ಎಲ್ಲಿಂದ ತೆಗೆದದ್ದು’ ಎಂಬ ಅಂಕಣದಲ್ಲಿ, ‘ಮುಚ್ಚಳ ಬಿಗಿದ ಬಾಟಲಿಗಳಿಂದ, ಐದು’ ಎಂದು ಬರೆದೆ. ಹತ್ತೊಂಬತ್ತು ವರ್ಷದಿಂದ ಅದನ್ನೇ ಬರೆಯುತ್ತಿದ್ದೇನೆ, ಕೈ ತಾನಾಗಿ ಬರೆಯಿತು ಎಂದು ನಿನಗೆ ಹೇಳಬಹುದು. ಆದರೆ ಕೈ ಒಂದು ಗಳಿಗೆ ನಿಂತಿತ್ತು. ನಿಂತ ಮೇಲೆಯೇ ಬರೆದದ್ದು.

ಏಪ್ರಿಲ್ ಕೊನೆಯಲ್ಲಿ ಸೊರಬದ ಅಂಗಡಿಯಲ್ಲಿ ಮುಚ್ಚಳ ಹಾರಿ ಗೋಡೆಗೆಲ್ಲ ಬೆಲ್ಲ ಸಿಡಿದ ಸುದ್ದಿಯನ್ನು ನೀನೇ ಹೇಳಿದೆ. ಮೂರು ದಿನದಲ್ಲಿ ಬಾಟಲಿಗಳೆಲ್ಲ ವಾಪಸಾದವು. ಆಗ ನೀನು ಫೋನಿನಲ್ಲಿ ಅಂದ ಮಾತು ನನಗೆ ಅಕ್ಷರಶಃ ನೆನಪಿದೆ. “ನಿನ್ನ ಕಾಗದ ಶುದ್ಧ ಅಂತದೆ. ಬೆಲ್ಲ ಶುದ್ಧ ಇದ್ರೆ ಕೆಟ್ಟದ್ದು ಬಾಟ್ಲಿ ತೊಳ್ದವ್ರ ಕೈಯಿಂದ್ಲೇ ಅಲ್ಲವಾ?” ನಾನು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಇರಬಹುದು ನೋಡು, ಅಂದೆ. ಮಾರನೇ ವಾರ ನೀನು ಮಧುಶ್ರೀಯನ್ನು ಕೆಲಸ ಬಿಡಿಸಿದೆ. ಮೂರು ವರ್ಷ ನಿನ್ನ ಘಟಕದಲ್ಲಿ ಬಾಟಲಿ ತೊಳೆದು, ಬಿದಿರಿನ ತಟ್ಟಿಯ ಮೇಲೆ ಬೋರಲು ಹಾಕಿ ಬಿಸಿಲಿಗಿಟ್ಟವಳನ್ನು ನನ್ನ ಸಹಿ ತೋರಿಸಿ ಕಳಿಸಿದೆ. ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಕಾಗದವನ್ನು ನೀನು ನಂಬಿದೆ, ಅಷ್ಟೆ.

ಜೂನ್ ನಾಲ್ಕರಂದು ಮಧುಶ್ರೀ ನಮ್ಮಲ್ಲಿಗೆ ಬಂದಳು. ನನಗೆ ಅವಳ ಮುಖದ ಪರಿಚಯ ಇರಲಿಲ್ಲ. ಬಾಗಿಲಲ್ಲಿ ನಿಂತು, ನೀಲಾಂಬಿಕ ಮೇಡಂ ಅಂದ್ರೆ ಯಾರು ಅಂತ ಕೇಳಿದಳು. ಬಟ್ಟೆಯ ಚೀಲದಲ್ಲಿ ನಾಲ್ಕು ಖಾಲಿ ಬಾಟಲಿ ಇದ್ದವು. “ಅಕ್ಕೋರೆ, ನಾ ಕೊನೇ ದಿನ ತೊಳ್ದು ಒಣ್ಗಿಸಿ ಮುಚ್ಚಿಟ್ಟದ್ದು ಇದು. ಬರೋವಾಗ ಕೇಳ್ಕಂಡೇ ತಂದೆ. ಮಗ ನೀರು ತುಂಬೂಕೆ ಕೇಳಿದ್ರೂ ಮುಚ್ಚಳ ತೆಗೂಕೆ ಬಿಟ್ಟಿಲ್ಲ. ಕೊಳೆ ಇದ್ರೆ ಇದೆ ಅನ್ನಿ, ಊರ ಮುಂದೆ ನಾನೇ ಒಪ್ಕಳ್ತೀನಿ. ಇಲ್ದಿದ್ರೆ ಇಲ್ಲ ಅಂತ ಬರ್ಕೊಡಿ,” ಅಂದಳು. ಬೈಯಲಿಲ್ಲ, ಅಳಲಿಲ್ಲ. ಕುಳಿತುಕೊಳ್ಳಮ್ಮ ಅಂದರೆ, ಬಸ್ಸು ಹೋಗ್ತದೆ ಅಂದಳು. ಬಾಟಲಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟು ಹೋದಳು. ಅವಳ ಕೈಬೆರಳುಗಳ ತುದಿಗಳು ಬಾಟಲಿ ತೊಳೆಯುವ ಸೋಡಾದ ನೀರಿಗೆ ಬಿಳಿಚಿ ಒಡೆದಿದ್ದವು, ಕೆಲಸ ಬಿಟ್ಟು ತಿಂಗಳಾದರೂ.

ಅದೇ ಶನಿವಾರ ತೀರ್ಥೇಶನನ್ನು ಹೊಸಬಾಳೆಗೆ ಕಳಿಸಿದೆ. ನೀನು ಅವತ್ತು ಸೊರಬಕ್ಕೆ ಹೋಗಿದ್ದೆಯಂತೆ. ನಿನ್ನ ಯಜಮಾನರು ತ್ರ್ಯಂಬಕ ಅವರೇ ಘಟಕದ ಬೀಗ ತೆಗೆದು ಡಬ್ಬ ತೋರಿಸಿದರಂತೆ. ಮನೆಯೊಳಗೆ ಹೋಗಬೇಡ, ತಿಂಡಿ ಮುಟ್ಟಬೇಡ, ಯಾರು ಏನು ಕೊಟ್ಟರೂ ಕೈ ಒಡ್ಡಬೇಡ ಎಂದು ಅವನಿಗೆ ಹೇಳಿ ಕಳಿಸಿದ್ದೆ. ಹಸಿದುಕೊಂಡೇ ಬಂದ. ನಿನ್ನೆ ತಟ್ಟೆಗಳ ಮೇಲೆ ದೀಪ ಹಿಡಿದು ಎಣಿಸುತ್ತಾ, “ಮೇಡಂ, ಈ ಬೆಲ್ಲ ಇನ್ನೊಂದು ತಿಂಗ್ಳು ಬಿಟ್ರೆ ನಮ್ಮ ವರದಿ ಬೇಡ್ರೀ, ಅಬಕಾರಿಯವ್ರೇ ಹುಡುಕ್ಕೊಂಡು ಬರ್ತಾರೆ,” ಅಂದ. ನನ್ನ ಮುಖ ನೋಡಿ ಆಮೇಲೆ ತಮಾಷೆ ಬಿಟ್ಟ.

ಪ್ರಯೋಗಾಲಯದ ಯಜಮಾನರು ಮಹೇಶ್ವರಪ್ಪನವರು. ಎರಡೂ ವರದಿಗಳನ್ನು ಅವರ ಮುಂದಿಟ್ಟೆ. ಅವರು ಫೆಬ್ರವರಿಯದನ್ನು ಎರಡು ಸಲ ಓದಿದರು. “ಮುಚ್ಚಿದ ಬಾಟ್ಲಿ ಅಂತ ಬರ್ದೀರಿ. ಖರೇನೋ ಸುಳ್ಳೋ, ಅಷ್ಟು ಹೇಳ್ರಿ,” ಅಂದರು. ಸುಳ್ಳು ಸರ್, ಅಂದೆ. ಅವರು ವರದಿಯನ್ನು ಪಕ್ಕಕ್ಕೆ ಸರಿಸಿ, “ಹಂಗಾರೆ ಕೂಡ್ರಿ. ಚಾ ಕುಡ್ದು, ವಾಪಸ್ ತಗೊಳ್ಳೋ ಪತ್ರ ನೀವೇ ಬರೀರಿ. ನಿಮ್ಮ ಅಕ್ಷರ ಚಲೋ ಐತಿ,” ಅಂದರು. ಇವತ್ತಿನಿಂದ ವರದಿಗಳಿಗೆ ಸಹಿ ಹಾಕುವವನು ತೀರ್ಥೇಶ್. ನಾನು ತೂಗುವ, ಕರಗಿಸುವ ಕೆಲಸಕ್ಕೆ ಇದ್ದೇನೆ. ಇದು ಎಲ್ಲಿಯವರೆಗೆ ಎಂದು ಅವರು ಹೇಳಿಲ್ಲ, ನಾನು ಕೇಳಿಲ್ಲ.

ವರದಿ ಹಿಂಪಡೆದ ಪತ್ರ ನಾಳೆ ನಿನಗೂ ಅಂಗಡಿಗಳಿಗೂ ಅಂಚೆಯಲ್ಲಿ ಬರುತ್ತದೆ. ಡಬ್ಬದಲ್ಲಿ ಉಳಿದದ್ದನ್ನು ಬಾಟಲಿಗೆ ಹಾಕಬೇಡ. ಮತ್ತೆ ಕಾಸಿ ಮಾರುವ ಯೋಚನೆಯೂ ಬೇಡ; ಹುಳಿ ಬಂದ ರುಚಿ ಕಾಸಿದರೆ ಹೋಗುವುದಿಲ್ಲ. ಅತ್ತೆಯವರಿಗೆ ಹೇಗೆ ಹೇಳುತ್ತೀಯೋ ನಿನಗೆ ಬಿಟ್ಟದ್ದು. ಅವರು ಕೊಟ್ಟದ್ದು ಒಳ್ಳೆಯ ಬೆಲ್ಲ ಎನ್ನುವುದನ್ನು ಮಾತ್ರ ಮೊದಲು ಹೇಳು. ಅದು ನಿಜ ಕೂಡ.

ನಿನ್ನಲ್ಲಿ ಒಂದೇ ಮಾತು ಕೇಳುತ್ತೇನೆ. ಮಧುಶ್ರೀಯ ಮನೆಗೆ ನೀನೇ ಹೋಗು. ಯಾರನ್ನೂ ಕಳಿಸಬೇಡ. ಅವಳನ್ನು ಕೆಲಸಕ್ಕೆ ಕರೆಯುವುದು ಬಿಡುವುದು ಆಮೇಲಿನ ಮಾತು. ಅವಳು ಬರುತ್ತಾಳೆಂದು ನನಗೆ ಅನ್ನಿಸುವುದೂ ಇಲ್ಲ. ಬಿಡಿಸಿದ ದಿನ ಅವಳನ್ನು ಎಲ್ಲರ ಎದುರು ನಿಲ್ಲಿಸಿ ಹೇಳಿದೆಯಂತೆ. ಇದನ್ನೂ ಹಾಗೆಯೇ ಹೇಳು.

ಇಪ್ಪತ್ತೇಳು ವರ್ಷದ ಸ್ನೇಹ ನಮ್ಮದು. ಅವತ್ತು ನಾಲ್ಕು ಮಾತು ಹೇಳಿ ಭರಣಿಯನ್ನು ಪಕ್ಕಕ್ಕೆ ಇಡಿಸಿದ್ದರೆ ಅತ್ತೆಯವರು ಒಂದು ದಿನ ಮುನಿಸಿಕೊಳ್ಳುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು. ಆ ಒಂದು ದಿನದ ಮುನಿಸಿಗೆ ಹೆದರಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ. ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ,
ನೀಲಾಂಬಿಕ

ಮರೆತಿದ್ದಲ್ಲ, ಬರೆಯದೆ ಬಿಟ್ಟದ್ದು: ಬಾಟಲಿ ತೊಳೆದ ಕೈಯ ಮಾತನ್ನು ನೀನು ಆಡುವ ಹಿಂದಿನ ದಿನ, ಏಪ್ರಿಲ್ ಇಪ್ಪತ್ತೆಂಟರಂದು, ತ್ರ್ಯಂಬಕ ಅವರು ನನಗೆ ಫೋನ್ ಮಾಡಿದ್ದರು. ಬೆಲ್ಲ ಯಾಕೆ ಕೆಟ್ಟಿತು ಎಂದು ಕೇಳಿದರು. ನನಗೆ ಆ ಕ್ಷಣವೇ ಭರಣಿ ನೆನಪಾಯಿತು. ಬಾಟಲಿ ಸರಿಯಾಗಿ ಒಣಗಿಲ್ಲದಿದ್ದರೆ ಹೀಗಾಗುತ್ತದೆ, ತೊಳೆಯುವವರನ್ನು ವಿಚಾರಿಸಿ, ನಾನು ಹೇಳಿದ್ದು ಅನ್ನಬೇಡಿ, ಅಂದೆ. ಅವರು ಮಾತು ಉಳಿಸಿಕೊಂಡರು. ಮಧುಶ್ರೀಯ ಮೇಲೆ ಮೊದಲು ಬೆರಳು ತೋರಿಸಿದವಳು ನಾನು. ಶಾಲೆಯ ಸಮಿತಿಯ ಮುಂದೆ ಓದಲು ನಾನು ಬರೆದಿಟ್ಟ ಹೇಳಿಕೆಯಲ್ಲಿ ಇದನ್ನೂ ಸೇರಿಸಿದ್ದೇನೆ. ಸಭೆ ಜೂನ್ ಇಪ್ಪತ್ತು, ಶುಕ್ರವಾರ, ಬೆಳಗ್ಗೆ ಹನ್ನೊಂದು ಗಂಟೆಗೆ, ಅವಳ ಊರಿನ ಶಾಲೆಯಲ್ಲಿ. ನಾನು ಏಳೂವರೆಯ ಬಸ್ಸಿಗೆ ಹೊರಡುತ್ತೇನೆ.