ತಡಬಾಗಿಲಲ್ಲಿ ನಿಂತವಳ ಪ್ರಶ್ನೆ

ಎರಡನೆಯ ನೀರೇರಿಕೆಯ ನಂತರದ ಎಂಬತ್ತೊಂದನೆಯ ವರ್ಷ,
ಮ್ಯಾಗ್ನೋಲಿಯಾ ತಿಂಗಳ ಮೂವತ್ತಾರನೆಯ ದಿನ
ಕೆಳಹೊಳೆ ಬೀದಿ, ನೀವು ಅಲಬಾಮಾ ಎನ್ನುವ ಸೀಮೆ

ಪೂಜ್ಯ ನೀಲಗಂಗಜ್ಜಿಯವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಸಮುದ್ರ ಎರಡನೆಯ ಸಲ ಊರೊಳಗೆ ಬಂದ ಮೇಲೆ ನಮ್ಮವರು ವರ್ಷಗಳನ್ನು ಮತ್ತೆ ಒಂದರಿಂದ ಎಣಿಸತೊಡಗಿದರು, ತಿಂಗಳುಗಳಿಗೆ ಹೂವಿನ ಹೆಸರಿಟ್ಟರು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಿಸೀತು. ತಾಯಿಯಿಂದ ಮಗಳಿಗೆ ಅಡುಗೆಮನೆಯಲ್ಲೇ ಇಳಿದುಬಂದ ಭಾಷೆ ಇದು, ಹೊರಗಿನ ಗಾಳಿ ಕಂಡಿಲ್ಲ. ಕೆಲವು ಪದಗಳನ್ನು ನಾನೇ ಕಟ್ಟಿಕೊಂಡಿದ್ದೇನೆ, ಕ್ಷಮಿಸಬೇಕು. ನೀವು ಗದಗದಿಂದ ನರ್ಸ್ ಆಗಿ ಇಲ್ಲಿಗೆ ಬಂದವರು, ಇಲ್ಲಿಯ ಕಪ್ಪುಜನರ ಮನೆತನದ ಮೇಷ್ಟರೊಬ್ಬರನ್ನು ಮದುವೆಯಾದವರು. ಆ ಸಂಸಾರದ ಏಳನೆಯ ತಲೆಮಾರಿನವಳು ನಾನು. ನನ್ನ ಹೆಸರು ಡೆಲ್ಫೀನ್ ಗಂಗವ್ವ. ಈ ಪತ್ರ ಓದುವ ಹೊತ್ತಿಗೆ ನೀವು ನನಗಿಂತ ಬಹಳ ಚಿಕ್ಕವರಿರುತ್ತೀರಿ. ಆದರೂ ಅಜ್ಜಿ ಎನ್ನದೆ ನನಗೆ ಬೇರೆ ದಾರಿಯಿಲ್ಲ, ಸಿಟ್ಟಾಗಬೇಡಿ.

ಮೊದಲು ನನ್ನ ಕ್ಷೇಮ ಸಮಾಚಾರ. ಶಾಲೆಯ ಮಾಳಿಗೆ ಮೇಲಿನ ಸೊಪ್ಪಿನ ಮಡಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಬ್ಬಳೇ ಇದ್ದೇನೆ. ಜೋಳ ಇಲ್ಲಿಯೂ ಚೆನ್ನಾಗಿ ಬೆಳೆಯುತ್ತದೆ. ಅಮ್ಮ ಹೋದ ಮೇಲೆ ಕನ್ನಡದಲ್ಲಿ ಮಾತಾಡಲು ಯಾರೂ ಇಲ್ಲದ್ದರಿಂದ ರೊಟ್ಟಿ ಬಡಿಯುವಾಗ ಹಿಟ್ಟಿನ ಜೊತೆ ಮಾತಾಡುತ್ತೇನೆ. ನಗಬೇಡಿ, ಹಿಟ್ಟು ನನ್ನ ಮಾತಿಗೆ ಎದುರಾಡುವುದಿಲ್ಲ ಎನ್ನುವುದೇ ನನಗೆ ಬೇಜಾರು.

ಇಲ್ಲಿ ನಿವಾಸಿಗಳೆಂದು ದಾಖಲಾದ ಪ್ರತಿಯೊಬ್ಬರ ಮನೆಯ ಗೋಡೆಯಲ್ಲೂ ಒಂದು ದೂರುಗಿವಿ ಇರುತ್ತದೆ. ದೂರು ಕೇಳಿಸಿಕೊಳ್ಳುವ ಕಿವಿ ಎಂದು ತಿಳಿಯಿರಿ. ನಿಮಗೆ ಅನ್ಯಾಯವಾದರೆ ಅದಕ್ಕೆ ಹೇಳಿದರಾಯಿತು. ಕೂಲಿ ಕಡಿಮೆ ಬಂದಿದ್ದರೆ ಸರಿಮಾಡುತ್ತದೆ, ಯಾರಾದರೂ ಹೀನಾಯವಾಗಿ ಮಾತಾಡಿದ್ದರೆ ಸಂಜೆಯೊಳಗೆ ಕ್ಷಮಾಪಣೆ ತರಿಸುತ್ತದೆ. ನಿಮ್ಮ ಕಾಲದ ಮತ್ತು ಅದಕ್ಕೂ ಹಿಂದಿನ ಹೋರಾಟಗಳಿಂದ ಕಾನೂನು ಒಳ್ಳೆಯದಾದ ಮೇಲೆ, ಇನ್ನು ಬೀದಿಗಿಳಿದು ಕೂಗುವ ಕಷ್ಟ ಯಾರಿಗೂ ಬೇಡ ಎಂದು ಒಳ್ಳೆಯ ಮನಸ್ಸಿನವರೇ ಇದನ್ನು ಮಾಡಿದರು. ಅದು ಸುಳ್ಳು ಹೇಳುವುದಿಲ್ಲ, ಲಂಚ ಮುಟ್ಟುವುದಿಲ್ಲ. ಅದರ ನಿಯಮ ಮಾತ್ರ ಒಂದೇ: ನಿಮ್ಮ ಕಷ್ಟವನ್ನು ನೀವೇ ಹೇಳಬೇಕು, ಪರಿಹಾರವೂ ನಿಮ್ಮೊಬ್ಬರಿಗೇ. ಇನ್ನೊಬ್ಬರ ಪರವಾಗಿ ದೂರುವುದಕ್ಕೆ ಅದರಲ್ಲಿ ಜಾಗವಿಲ್ಲ. ಹೀಗೆ ಎಷ್ಟೋ ವರ್ಷ ಕಳೆದು ನಮ್ಮ ಬೀದಿಯಲ್ಲಿ ಒಬ್ಬರಿಗೊಬ್ಬರು ಬೇಕಾಗುವುದೇ ನಿಂತುಹೋಯಿತು. ಪಕ್ಕದ ಮನೆಯವರ ಮುಖ ನನಗೆ ಗೊತ್ತು, ದನಿ ಗೊತ್ತಿಲ್ಲ.

ಈಗ ವರ್ನೀಸ್‌ಳ ವಿಷಯ ಹೇಳುತ್ತೇನೆ, ಪತ್ರ ಬರೆಯಲು ಅವಳೇ ಕಾರಣ. ವರ್ನೀಸ್ ನಮ್ಮ ಬೀದಿಯ ಕೊನೆಯ ಮನೆಯವಳು, ನೀರುಬಂದವಳು. ಮುಳುಗಿದ ಕರಾವಳಿಯಿಂದ ಮೇಲೆ ಬಂದು ನೆಲೆಸಿದವರನ್ನು ಇಲ್ಲಿ ಹಾಗೆನ್ನುತ್ತಾರೆ. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಹುಟ್ಟಿದರೂ ಆ ಹೆಸರು ಬಿಟ್ಟಿಲ್ಲ. ಮೇಲೂರಿಗೆ ಹೋಗುವ ಸೇತುವೆಗೆ ಎರಡು ಬಾಗಿಲಿವೆ. ಒಂದು ನಮ್ಮಂಥವರನ್ನು ಕಂಡ ಕೂಡಲೇ ತೆರೆಯುತ್ತದೆ. ಇನ್ನೊಂದು ನೀರುಬಂದವರಿಗೆ, ಅವರನ್ನು ಅಳೆದು ಸುರಿದು, ಯೋಚನೆ ಮಾಡಿ, ಬಿಸಿಲು ಏರಿದ ಮೇಲೆ ತೆರೆಯುತ್ತದೆ. ಅದನ್ನು ತಡಬಾಗಿಲು ಎನ್ನುತ್ತಾರೆ. ಬೇರೆ ಬಾಗಿಲೆಂದು ಕಾನೂನಿನಲ್ಲಿ ಎಲ್ಲಿಯೂ ಬರೆದಿಲ್ಲ, ಬರೆದಿದ್ದರೆ ಅಳಿಸಿಯಾದರೂ ಹಾಕಬಹುದಿತ್ತು. ವರ್ನೀಸ್ ಮೇಲೂರಿನ ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ನೋಡಿಕೊಳ್ಳುತ್ತಾಳೆ. ಬಾಗಿಲು ತಡವಾದರೆ ಅವಳೂ ತಡ. ಹೀಗೇ ತಡವಾಗುತ್ತಿದ್ದರೆ ಇಂದೋ ನಾಳೆಯೋ ಕೆಲಸ ಹೋಗುತ್ತದೆ. ಕೆಲಸವಿಲ್ಲದ ನೀರುಬಂದವರಿಗೆ ಈ ಊರಲ್ಲಿ ಮನೆಯಿಲ್ಲ. ದೂರುಗಿವಿಯೂ ಅವರಿಗಿಲ್ಲ, ಅದು ನಿವಾಸಿಗಳಿಗೆ ಮಾತ್ರ.

ಇದನ್ನೆಲ್ಲ ಅವಳು ಸೇತುವೆಯಲ್ಲಿ ಬಾಗಿಲಿಗೆ ಗೋಗರೆಯುವಾಗ ಕೇಳಿಸಿಕೊಂಡು, ನಾನು ನನ್ನ ಗೋಡೆಗೆ ಅವಳ ಕತೆ ಹೇಳಿದೆ. ಬಹಳ ಮರ್ಯಾದೆಯಿಂದ ಕೇಳಿಸಿಕೊಂಡಿತು. ಆಮೇಲೆ, ಇದರಿಂದ ತಮಗಾದ ತೊಂದರೆ ಏನು ಎಂದು ಕೇಳಿತು. ನನಗೇನೂ ಆಗಿಲ್ಲ, ಮನಸ್ಸಿಗೆ ಸಂಕಟವಾಗುತ್ತಿದೆ ಎಂದೆ. ಮರುದಿನ ನನ್ನ ಬಾಗಿಲಿಗೆ ಸಂಕಟ ಪರಿಹಾರಕ್ಕೆಂದು ಒಂದು ಬುಟ್ಟಿ ಪೀಚ್ ಹಣ್ಣು ಬಂತು. ಹಣ್ಣು ಚೆನ್ನಾಗಿದ್ದವು, ಆದರೆ ಅವನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಆಗ ನೀವು ಮಗಳಿಗೆ ಹೇಳಿ ನಮ್ಮವರೆಗೂ ಬಂದ ನಿಮ್ಮ ಅತ್ತೆಯ ಕತೆ ನೆನಪಾಯಿತು. ಅರ್ಲೀನ್ ಅಜ್ಜಿ ಹುಡುಗಿಯಾಗಿದ್ದಾಗ ಮಾಂಟ್ಗೊಮೆರಿಯಲ್ಲಿ ಕಪ್ಪುಜನರೆಲ್ಲ ಬಸ್ಸು ಹತ್ತುವುದನ್ನು ಬಿಟ್ಟು ಒಂದು ವರ್ಷಕ್ಕೂ ಮೇಲೆ ನಡೆದೇ ಕೆಲಸಕ್ಕೆ ಹೋದರಂತೆ. ಬಸ್ಸಿನ ಹಿಂದಿನ ಸೀಟು ಅವರದು, ಮುಂದಿನದು ಬಿಳಿಯರದು ಎಂಬ ಕಟ್ಟಳೆ ಮುರಿಯಲು ನಡೆದರಂತೆ. ಅವರಮ್ಮ ಬೇರೆಯವರ ಮನೆಯ ಬಟ್ಟೆ ಒಗೆಯುತ್ತಿದ್ದರು, ಈ ಹುಡುಗಿ ಅವರ ಸೆರಗು ಹಿಡಿದು ನಡೆಯುತ್ತಿದ್ದಳು. ಸೆರಗು ನೀವು ಸೇರಿಸಿದ್ದಿರಬೇಕು, ಅವರು ಉಡುತ್ತಿದ್ದುದು ಫ್ರಾಕು. ನಮ್ಮ ಶಾಲೆಗಳಲ್ಲಿ ಆ ಕಾಲದ ಭಾಷಣಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಮೆರವಣಿಗೆಯ ಚಿತ್ರಗಳನ್ನು ಗೋಡೆಯಗಲ ತೋರಿಸುತ್ತಾರೆ. ಚಿತ್ರದಲ್ಲಿ ಜನ ಆಗಲೇ ಬಂದು ಸೇರಿರುತ್ತಾರೆ. ಬರುವುದಕ್ಕೆ ಮೊದಲು ಯಾರು ಯಾರಿಗೆ ಏನು ಹೇಳಿ ಹೊರಡಿಸಿದರು ಎನ್ನುವುದು ಎಲ್ಲಿಯೂ ಇಲ್ಲ.

ಗೊತ್ತಿಲ್ಲದಿದ್ದರೂ ನಾನು ಹೊರಟೆ. ಎಲ್ಲರೂ ಒಟ್ಟಿಗೆ ಹೋಗಿ ತಡಬಾಗಿಲಲ್ಲಿ ನಿಲ್ಲೋಣ, ಊರಿನ ಅರ್ಧ ಕೆಲಸ ನಿಂತರೆ ಯಾರಾದರೂ ಕಾರಣ ಕೇಳಿಯಾರು ಎನ್ನುವುದು ನನ್ನ ಲೆಕ್ಕ. ಎದುರು ಮನೆಯ ಬಾಗಿಲು ಬಡಿದೆ. ನಮ್ಮ ಕಾಲದಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಮನೆಯೊಳಗೆ ಏನೋ ಮುರಿಯಿತೆಂದು ತಿಳಿದು ಅವರು ರಿಪೇರಿ ಯಂತ್ರ ಕರೆಸಿದರು. ಅದು ಬಂದು ಬಾಗಿಲನ್ನೂ ನನ್ನ ಮುಷ್ಟಿಯನ್ನೂ ಪರೀಕ್ಷಿಸಿತು. ಮುಂದಿನ ಮನೆಯಲ್ಲೂ ಅದೇ ಆಯಿತು. ಮೂರನೆಯ ಮನೆಯಲ್ಲಿ ಒಬ್ಬ ಮುದುಕರು ಕಿಟಕಿಗೆ ಬಂದರು. ನಾನು ದಾರಿ ತಪ್ಪಿದ್ದೇನೆಂದುಕೊಂಡು ಪಾಪ, ಕೈಮಾಡಿ ನನ್ನ ಮನೆಯ ಕಡೆಗೇ ತೋರಿಸಿದರು. ಅವರ ಮುಖದಲ್ಲಿ ಎಷ್ಟು ಕರುಣೆಯಿತ್ತೆಂದರೆ ನಾನು ತಲೆಯಾಡಿಸಿ ಮನೆಗೆ ಬಂದುಬಿಟ್ಟೆ.

ಕೊನೆಗೆ ಒಬ್ಬಳೇ ಹೋದೆ. ಸೇತುವೆಯಲ್ಲಿ ನಮ್ಮ ಬಾಗಿಲು ನನ್ನನ್ನು ಕಂಡು ತಟಕ್ಕನೆ ತೆರೆದುಕೊಂಡಿತು. ನಾನು ಹೋಗದೆ ವರ್ನೀಸ್‌ಳ ಪಕ್ಕಕ್ಕೆ ಹೋಗಿ ನಿಂತೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ, ದಡ್ಡಿ. ಅವಳ ಮಾತನ್ನು ನಮ್ಮ ಮನೆಯ ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ: “ನೀ ಇಲ್ಲಿ ನಿಂತ್ರ ನಾ ಅಲ್ಲಿ ಲಗೂನ ಮುಟ್ಟತೇನೇನು? ಇಬ್ಬರೂ ತಡಾ ಆಗತೇವಿ, ಅಷ್ಟ. ನಿನಗ ಬ್ಯಾಸರಾದ ದಿನಾ ನೀ ಆ ಬಾಗಲಾಗ ಹೋಗತಿ. ನಾ ಎಲ್ಲಿಗೆ ಹೋಗಲಿ?” ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಾಗಿಲು ತೆರೆಯುವವರೆಗೂ ಇಬ್ಬರೂ ಹೊಳೆ ನೋಡುತ್ತ ನಿಂತೆವು. ಅಷ್ಟು ಹತ್ತಿರ ಇನ್ನೊಬ್ಬ ಮನುಷ್ಯರ ಪಕ್ಕ ನಾನು ನಿಂತು ವರ್ಷಗಳೇ ಆಗಿದ್ದವು. ಹೆಗಲಿಗೆ ಹೆಗಲು ತಾಗುತ್ತಿತ್ತು, ಆದರೂ ಅಂಥ ಒಂಟಿತನ ನನಗೆ ಮನೆಯಲ್ಲಿ ಎಂದೂ ಆಗಿರಲಿಲ್ಲ.

ಅಜ್ಜಿ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಅತ್ತೆ ಇನ್ನೂ ಇದ್ದಾರೆ, ಎಂಬತ್ತರ ಅಂಚಿನಲ್ಲಿದ್ದಾರೆ. ಅವರ ಕಾಲಿಗೆ ಎಣ್ಣೆ ತಿಕ್ಕುವಾಗಲೋ ಔಷಧಿ ಕೊಡುವಾಗಲೋ ಕೇಳಿ: ಆ ವರ್ಷ ನೆರೆಮನೆಯವಳು ಜಗುಲಿಯಲ್ಲಿ ನಿಂತು, ನೀನು ನಡೆದರೆ ನನಗೇನು ಬಂತು, ಇಬ್ಬರ ಕಾಲೂ ನೋಯುತ್ತವೆ ಅಷ್ಟೇ ಎಂದಾಗ ನಿಮ್ಮಮ್ಮ ಅವಳಿಗೆ ಏನು ಹೇಳಿದರು? ಯಾರಾದರೂ ಹಾಗೆ ಅಂದೇ ಇರುತ್ತಾರೆ. ಆ ಉತ್ತರ ನನಗೆ ಬೇಕು. ಭಾಷಣದ ಮಾತು ಬೇಡ, ಜಗುಲಿಯಲ್ಲಿ ಆಡಿದ ಮಾತೇ ಬೇಕು. ಕೇಳಿಕೊಂಡು ನಿಮ್ಮ ಮಗಳಿಗೆ ಹೇಳಿ. ಅವಳು ಫೋನು ನೋಡುತ್ತ ಹೂಂ ಹೂಂ ಎಂದರೂ ಬಿಡದೆ ಹೇಳಿ, ಅವಳ ಮಗಳಿಗೂ ಹೇಳಲು ಹೇಳಿ.

ಇದರಲ್ಲಿರುವ ತೊಡಕು ನನಗೆ ಗೊತ್ತಿಲ್ಲವೆಂದಲ್ಲ. ನೀವು ಕೇಳಿದ್ದರೆ ಆ ಮಾತು ತಾಯಂದಿರ ಬಾಯಿಂದ ಬಾಯಿಗೆ ಬಂದು ನಮ್ಮಮ್ಮ ನನಗೆ ಎಂದೋ ಹೇಳಿರುತ್ತಿದ್ದಳು. ಹೇಳಿಲ್ಲ. ಅಂದರೆ ಪತ್ರ ನಿಮಗೆ ತಲುಪಿಲ್ಲ, ಇಲ್ಲವೇ ತಲುಪಿದ ದಿನ ನಿಮಗೆ ಡಬಲ್ ಡ್ಯೂಟಿ ಇತ್ತು. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಆದರೂ ಬರೆದು ಮುಗಿಸುತ್ತಿದ್ದೇನೆ, ಬೇರೆ ಯಾರನ್ನು ಕೇಳಲಿ?

ನಾಳೆ ಬೆಳಿಗ್ಗೆ ಮತ್ತೆ ಸೇತುವೆಗೆ ಹೋಗುತ್ತೇನೆ. ನಮ್ಮ ಬಾಗಿಲು ತೆರೆದುಕೊಳ್ಳುತ್ತದೆ, ನಾನು ತಡಬಾಗಿಲಲ್ಲಿ ನಿಲ್ಲುತ್ತೇನೆ, ವರ್ನೀಸ್ ಮತ್ತೆ ಅದನ್ನೇ ಕೇಳುತ್ತಾಳೆ. ಆಗ ನನಗೆ ಗೊತ್ತೇ ಇಲ್ಲದ ಯಾವುದಾದರೂ ಮಾತು ಬಾಯಿಗೆ ಬಂದರೆ, ನೀವು ಅತ್ತೆಯನ್ನು ಕೇಳಿದಿರಿ ಎಂದು ತಿಳಿಯುತ್ತೇನೆ. ಬರದಿದ್ದರೆ ಸುಮ್ಮನೆ ನಿಂತಿರುತ್ತೇನೆ.

ನಿಮ್ಮ,
ಡೆಲ್ಫೀನ್ ಗಂಗವ್ವ