ಅನ್ನಕುಟ್ಟಿ ಇಲ್ಲದ ಪೆಸಹಾ

ಏಪ್ರಿಲ್ 6, ಪೆಸಹಾ ಗುರುವಾರ.

ಸಾವಾದ ಮನೆಯಲ್ಲಿ ಆ ವರ್ಷ ಪ್ರಭುವಿನ ಕಡೆಯ ಊಟದ ನೆನಪಿನ ಪೆಸಹಾ ರೊಟ್ಟಿ ಮಾಡುವಂತಿಲ್ಲ. ಸಂಜೆ ಪಕ್ಕದ ಮನೆಯ ತ್ರೇಸ್ಯಾ ಚೇಚಿ, ನನಗೆ ಅಕ್ಕನಂಥವರು, ರೊಟ್ಟಿಯನ್ನೂ ಬೆಲ್ಲ ಹಾಕಿದ ತೆಂಗಿನ ಹಾಲನ್ನೂ ತಂದರು. ಹೆಂಡತಿ ಅನ್ನಕುಟ್ಟಿ ತೀರಿಕೊಂಡ ನಾಲ್ಕು ತಿಂಗಳಿಂದ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದೇನೆ. ಇದನ್ನೂ ಹಾಗೆಯೇ ಮುರಿಯಲು ಹೋದೆ.

“ಏಯ್ ಕುರುವಿಲಾ, ಅದೇನು ಚಹಾಕ್ಕೆ ಅದ್ದೋ ಬನ್ನಾ? ಹೋಗು, ಮಿಂದು ಬಾ!”

“ಒಬ್ಬನಿಗೆ ಎಂಥ ಪ್ರಾರ್ಥನೆ ಚೇಚಿ?”

“ನಾನೇನು ಕಂಬವಾ? ಕೂತಿದೀನಲ್ಲ.”

ಮಿಂದು, ಬಿಳಿ ಮುಂಡು ಉಟ್ಟು, ದೀಪ ಹಚ್ಚಿದೆ. ಬೈಬಲ್ ಓದುವಾಗ ಎರಡು ಸಲ ಸಾಲು ತಪ್ಪಿ ಮತ್ತೆ ಮೊದಲಿಂದ ಓದಿದೆ. ಚೇಚಿ ತಲೆಯ ಮೇಲೆ ಸೆರಗು ಹೊದ್ದು ಕೇಳುತ್ತ ಕೂತರು. ರೊಟ್ಟಿ ಕೊಯ್ದು, ಮದುವೆಯಾದ ಹದಿನೇಳು ವರ್ಷದ ಅಭ್ಯಾಸದಿಂದ, ಮೊದಲ ತುಂಡನ್ನು ಎಡಕ್ಕೆ ಚಾಚಿದೆ. ಖಾಲಿ ಕುರ್ಚಿ. ಕೈ ಹಿಂದಕ್ಕೆ ಬರಲೇ ಇಲ್ಲ.

ಚೇಚಿ ಎದ್ದು ಬಂದು, ತಲೆ ಬಗ್ಗಿಸಿ, ಎರಡೂ ಕೈಯೊಡ್ಡಿ ಅದನ್ನು ತೆಗೆದುಕೊಂಡರು. ಆ ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ. ಅದರ ಪಕ್ಕ ನಿಂತೇ ತಿಂದರು.

ಅವರು ಹೋದ ಮೇಲೆ ಮೇಜಿನ ಮೇಲೆ ಉದುರಿದ್ದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ತಿಂದೆ. ಒಂದೂ ನೆಲಕ್ಕೆ ಬೀಳಬಾರದು.

ಪ್ರಾರ್ಥನೆಯಲ್ಲಿ ಏನನ್ನೂ ಬೇಡಲಿಲ್ಲ. ಅವಳನ್ನು ಬಿಟ್ಟು ಬೇಡುವಂಥದ್ದು ನನಗೆ ಇನ್ನೇನೂ ಇಲ್ಲ.