ಫ್ರೀಜರಿನಲ್ಲಿದ್ದ ತಲೆ

ಮಾರ್ಚ್ ೪, ಸೋಮವಾರ

ಹಂದಿ ಕಂಪನಿಯ ಸೈರನ್ ಆಯಿತು, ತಮ್ಮ ಎದ್ದ. ಅಲಾರಂ ಇಟ್ಟವನಲ್ಲ. "ಅವರೇ ಎಬ್ಬಿಸ್ತಾರಲ್ಲ ಅಕ್ಕ, ಇನ್ಯಾಕೆ?" ಶೇವಿಂಗ್ ಮಾಡುತ್ತಾ ಅದೇ ಸಿಳ್ಳೆ. ಶ್ರುತಿ ಇಲ್ಲ, ತಾಳ ಇಲ್ಲ. ಪೇಪರು ಓದಲು ಬಿಡುವುದಿಲ್ಲ.

ಸಂಜೆ ಚೀಲದಲ್ಲಿ ಹಂದಿಯ ತಲೆ ತಂದ. ಕಟಿಂಗ್ ಶೆಡ್ಡಿನ ಪದ್ಧತಿ ಅದು: ವಾರಕ್ಕೊಬ್ಬರ ಸರದಿ, ತಾನು ಕಡಿದ ಹಂದಿಯ ತಲೆಯನ್ನೇ ತರಬೇಕು. ಬೇರೆಯವರದಕ್ಕೆ ಕೈ ಹಾಕಿದರೆ ಜಗಳ. ಕಿವಿಯಲ್ಲಿ ಕಂಪನಿಯ ಹಳದಿ ಬಿಲ್ಲೆ ಹಾಗೇ ಇದೆ.

"ಈ ಮಹಾರಾಯನ ಗಂಟಲು ಬಿಡಿಸುವಾಗಲೇ ಚಾಕು ಜಾರಿದ್ದು" ಎಂದು ಹೆಬ್ಬೆರಳು ತೋರಿಸಿದ. ಗಾಯದ ಮೇಲೆ ಎಂಥದೋ ಪುಡಿ.

"ಏನೋ ಅದು?"

"ಹಂದಿಮನೆ ಪುಡಿ. ಫೀಡಿಗೆ ಕಲಸ್ತಾರಲ್ಲ, ಆ ಔಷಧಿ. ಶೆಡ್ಡಲ್ಲಿ ಎಲ್ಲರೂ ಗಾಯಕ್ಕೆ ಇದನ್ನೇ ಹಾಕೋದು. ಹಂದಿಗೆ ಆಗಿದ್ದು ನಮಗೆ ಆಗಲ್ವಾ?"

ಬೈದು ಸೋಪು ಹಾಕಿ ತೊಳೆಸಿದೆ. "ಜಡ್ಜಮ್ಮನ ತೀರ್ಪು ಬಂತು" ಎಂದು ಹೆಂಡತಿಗೆ ಕಣ್ಣು ಹೊಡೆದ. ಅವಳು ತಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಫ್ರೀಜರಿಗೆ ತಳ್ಳಿದಳು — ಭಾನುವಾರಕ್ಕೆ.

ಮಾರ್ಚ್ ೬

ತಮ್ಮನಿಗೆ ಜ್ವರ, ತಲೆನೋವು. ಮೂಲೆಯ ಕ್ಲಿನಿಕ್ಕಿನವನು ಮುಖವನ್ನೂ ಸರಿಯಾಗಿ ನೋಡದೆ ಮಾತ್ರೆ ಬರೆದ. "ಏನು ಕೆಲಸ ಮಾಡ್ತೀರಿ?" ಎಂದು ಕೇಳಲಿಲ್ಲ. ನಾನೇ ಹೇಳಹೋದೆ. "ಅದೆಲ್ಲ ಬೇಡ, ಇದು ಈಗ ಎಲ್ಲರಿಗೂ ಬರ್ತಿದೆ" ಅಂದ.

ಮಾರ್ಚ್ ೮

ಆಸ್ಪತ್ರೆ. ಕುತ್ತಿಗೆ ಕೊರಡಿನಂತೆ ಸೆಟೆದಿದೆ. ನನ್ನ ಗುರುತು ಸಿಗಲಿಲ್ಲ. ಮೆದುಳಿನ ಪೊರೆಗೆ ಸೋಂಕು ಅಂದರು. ಬೆನ್ನಿನಿಂದ ನೀರು ತೆಗೆದಿದ್ದಾರೆ. ಅವನ ಹೆಂಡತಿ ಕಾರಿಡಾರಿನ ಬೆಂಚಿನ ಮೇಲೆ, ಅವನ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡು...

ಮಾರ್ಚ್ ೧೧

ಲ್ಯಾಬಿನ ಡಾಕ್ಟರು ಕರೆದು ತೋರಿಸಿದಳು. ಚಿಕ್ಕ ಹುಡುಗಿ, ದೊಡ್ಡ ಕನ್ನಡಕ. ಗಾಜಿನ ತಟ್ಟೆಯ ತುಂಬ ತಮ್ಮನ ಬೆನ್ನಿನ ನೀರಿನಿಂದ ಬೆಳೆದ ಕ್ರಿಮಿ. ಮೇಲೆ ಬಿಳಿಯ ಚಿಕ್ಕ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಆಂಟಿಬಯೋಟಿಕ್. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಬಯಲಾಗಬೇಕು.

ಬಹಳಷ್ಟು ಬಿಲ್ಲೆಗಳ ಅಂಚಿನವರೆಗೂ ಹುಲುಸಾಗಿ ಬೆಳೆದಿದೆ. ಒಂದೆರಡರ ಸುತ್ತ ಮಾತ್ರ ಬಯಲು. ಅದರಲ್ಲೊಂದನ್ನು ಕೊಡುತ್ತಿದ್ದಾರೆ.

"ಆಂಟಿ, ಇದು ಹಂದಿಯ ಗಂಟಲಲ್ಲಿ ಇರೋ ಕ್ರಿಮಿ."

ಪುಡಿಯ ಸಂಗತಿ ಹೇಳಿದೆ. ತಲೆ ಆಡಿಸಿದಳು. "ಆ ಪುಡಿಯಲ್ಲೇ ಹುಟ್ಟಿ ಬೆಳೆದ ಕ್ರಿಮಿ ಇದು. ಮೀನಿನ ಮೇಲೆ ನೀರು ಎರಚಿದ ಹಾಗಾಯ್ತು."

ಪೆನ್ಸಿಲಿನ್ ಕಂಡುಹಿಡಿದವನೇ ಬಹುಮಾನ ತೆಗೆದುಕೊಳ್ಳುವಾಗ ಎಚ್ಚರಿಸಿದ್ದ: ಅರೆಬರೆ ಕೊಟ್ಟರೆ ಕ್ರಿಮಿ ಸಾಯುವುದಿಲ್ಲ, ಕಲಿಯುತ್ತದೆ. ಅವನ ಮಾತು ಕೇಳಿ ಚಪ್ಪಾಳೆ ತಟ್ಟಿದರು. ಆಮೇಲೆ ಚೀಲಗಟ್ಟಲೆ ಹಂದಿಗೆ ಸುರಿದರು. ರೋಗಕ್ಕಲ್ಲ — ಬೇಗ ಕೊಬ್ಬಲಿ ಎಂದು!

ಮಾರ್ಚ್ ೧೩

ಕಣ್ಣು ಬಿಟ್ಟ. ಬದುಕಿದ. "ಯಾಕೆ ಎಲ್ಲ ಪಿಸುಗುಡ್ತಿದ್ದೀರಾ?" ಅಂದ.

ನಾನು ಕಿರುಚುತ್ತಿದ್ದೆ.

ಮಾರ್ಚ್ ೧೮, ಮಧ್ಯಾಹ್ನ

ಎರಡು ಕಿವಿಯೂ ಹೋಗಿವೆ. ಈ ರೋಗದ ರೀತಿಯೇ ಅದಂತೆ, ಮರಳಿ ಬರುವ ನಂಬಿಕೆ ಕಡಿಮೆ. ಸ್ಲೇಟಿನಲ್ಲಿ ಬರೆದು ತೋರಿಸುತ್ತೇವೆ. ಅವನು ಜೋರಾಗಿ ಮಾತಾಡುತ್ತಾನೆ, ವಾರ್ಡೆಲ್ಲ ತಿರುಗಿ ನೋಡುತ್ತದೆ.

ಮ್ಯಾನೇಜರ್ ಬಂದಿದ್ದ, ಸೇಬುಹಣ್ಣಿನ ಬುಟ್ಟಿ ಹಿಡಿದು. ಶೆಡ್ಡಿನವರು ಅವನನ್ನು ಇಸ್ತ್ರಿ ಎನ್ನುತ್ತಾರೆ, ಅಂಗಿಯಲ್ಲಿ ಒಂದು ಸುಕ್ಕಿಲ್ಲ.

"ಪಾಪ, ಗ್ಲೌಸ್ ಹಾಕ್ಕೊಂಡಿರಲಿಲ್ಲ ನೋಡಿ."

"ಗ್ಲೌಸ್ ಇದ್ದಿದ್ರೆ ಹಂದಿಯ ಗಂಟಲಲ್ಲಿ ಆ ಕ್ರಿಮಿ ಇರ್ತಿರಲಿಲ್ವಾ?"

"ಅಮ್ಮಾ, ಈ ಕ್ರಿಮಿ ಒಂದೇ ಥರದ್ದಲ್ಲ, ನೂರಾರು ಬಗೆ ಇದೆ. ಇವರಿಗೆ ಬಂದಿದ್ದು ಯಾವ ಹಂದಿಯದೋ, ಯಾವ ಮಾರ್ಕೆಟ್ಟಿನದೋ. ನಮ್ಮದು ಅಂತ ಹೇಗೆ ಹೇಳ್ತೀರಿ?"

ಕಳ್ಳನಿಗೊಂದು ಪಿಳ್ಳೆ ನೆವ. ಹಂದಿಗಳ ಗಂಟಲಿನ ಸ್ಯಾಂಪಲ್ ಕೊಡಿ ಎಂದು ಲ್ಯಾಬಿನವಳು ಕೇಳಿದ್ದಳು. ಕೊಡುವುದಿಲ್ಲವಂತೆ, ಹೊರಗಿನವರು ಬಂದರೆ ಹಂದಿಗಳಿಗೆ ಸೋಂಕು ತಗಲುತ್ತದಂತೆ. ನಮ್ಮಿಂದ ಹಂದಿಗೆ!

ಇವನನ್ನು ನಾನು ಮರೆತಿಲ್ಲ. ಕಂಪನಿ ಬರುವ ಮುಂಚೆ ಶಾಲೆಯ ಹಾಲ್‌ನಲ್ಲಿ ಸಭೆ. ಆಗ ಇವನ ತಲೆಯಲ್ಲಿ ಕೂದಲಿತ್ತು. ಮೇವಿನಲ್ಲಿ ಔಷಧಿ ಬೆರೆಸುತ್ತೀರಾ ಎಂದು ಎದ್ದುನಿಂತು ಕೇಳಿದ್ದೆ. ಮೈಕಿನಲ್ಲಿ ಹೇಳಿದ: "ಒಂದು ಚಿಟಿಕೆನೂ ಇಲ್ಲ ಅಮ್ಮಾ. ನಮ್ಮ ಹಂದಿಗಳು ನಿಮ್ಮ ಮೊಮ್ಮಕ್ಕಳಿಗಿಂತ ಗಟ್ಟಿಮುಟ್ಟು." ಸಭೆಯೆಲ್ಲ ನಕ್ಕಿತು. ಆರೋಗ್ಯಾಧಿಕಾರಿಯೂ ನಕ್ಕರು, ಮುಂದಿನ ಸಾಲಿನಲ್ಲಿ ಕೂತು. ನನಗೆ ಮೊಮ್ಮಕ್ಕಳೇ ಇಲ್ಲ.

ಮಾರ್ಚ್ ೧೯

ಬೆಳಿಗ್ಗೆ ತಮ್ಮನ ಹೆಂಡತಿ ಫ್ರೀಜರ್ ಬಾಗಿಲು ತೆರೆದು ನಿಂತಿದ್ದಳು. "ಅಕ್ಕಾ, ಈ ದರಿದ್ರ ತಲೆನ ಕಸಕ್ಕೆ ಹಾಕಿಬರ್ತೀನಿ. ನೋಡೋಕಾಗ್ತಿಲ್ಲ."

ಗೇಟಿನವರೆಗೂ ಹೋಗಿದ್ದಳು. ನನಗೆ ಹೊಳೆದದ್ದು ಆಗ. ಚಪ್ಪಲಿಯಿಲ್ಲದೆ ಓಡಿದೆ. "ಕೊಡೇ ಇಲ್ಲಿ! ಅದು ನಮ್ಮ ಸಾಕ್ಷಿ!" ಎದುರುಮನೆಯವಳು ಪೊರಕೆ ಹಿಡಿದು ನೋಡುತ್ತಲೇ ನಿಂತಳು.

ಅವನೇ ಕಡಿದ ಹಂದಿ, ಬೆರಳು ಕೊಯ್ದುಕೊಂಡ ಅದೇ ಗಂಟಲು, ಕಿವಿಯಲ್ಲಿ ಕಂಪನಿಯ ನಂಬರು. ತರಕಾರಿ ಚೀಲದಲ್ಲಿ ಹಾಕಿ ಬಸ್ಸು ಹತ್ತಿದೆ. ಪಕ್ಕದ ಸೀಟಿನವರು "ಏನಮ್ಮ, ಕುಂಬಳಕಾಯಿನಾ?" ಅಂದರು. ಹೂಂ ಅಂದೆ.

ಲ್ಯಾಬಿನವಳು ಚೀಲದೊಳಗೆ ಇಣುಕಿ ಕನ್ನಡಕ ತೆಗೆದು ಒರೆಸಿ ಮತ್ತೆ ಇಣುಕಿದಳು. "ಆಂಟಿ... ನೀವು ಪುಣ್ಯಾತ್ಮರು."

ಏಪ್ರಿಲ್ ೧

ಬಂತು. ಲ್ಯಾಬಿನ ವರದಿ. ಎರಡೂ ಕ್ರಿಮಿ ಒಂದೇ.

ನೂರಾರು ಬಗೆ ಇರುವುದು ನಿಜ, ಅಂದಳು ಲ್ಯಾಬಿನವಳು. ಒಂದೊಂದು ಹಂದಿಮನೆಯಲ್ಲಿ ಒಂದೊಂದು ಮನೆತನ. ಅದಕ್ಕೇ ಗುರುತು ಹಿಡಿಯಲು ಸುಲಭ — ಎಲ್ಲರ ಮುಖವೂ ಒಂದೇ ಥರ ಇದ್ದಿದ್ದರೆ ಕಳ್ಳನನ್ನು ಹೇಗೆ ಹಿಡಿಯುವುದು? ತಮ್ಮನ ಬೆನ್ನಿನ ನೀರಿನಲ್ಲಿದ್ದದ್ದು, ಆ ಗಂಟಲಿನಲ್ಲಿದ್ದದ್ದು, ಒಂದೇ ಮನೆಯ ಮಕ್ಕಳು. ಔಷಧಿಯನ್ನು ಗೆಲ್ಲುವ ಜೀನ್‌ಗಳೂ ಅವೇ.

ಇಸ್ತ್ರಿ ಹೂಡಿದ ನೆವವೇ ಅವನ ಕೊರಳಿಗೆ ಬಂತು.

ಏಪ್ರಿಲ್ ೩

ಆರೋಗ್ಯ ಕಚೇರಿಯಲ್ಲಿ ವಿಚಾರಣೆ. ಅಧಿಕಾರಿ ಅಂದು ನಕ್ಕವರೇ, ಈಗ ನಿವೃತ್ತಿಯ ಅಂಚಿನಲ್ಲಿ. ತಮ್ಮನೂ ಬಂದ, ನನ್ನ ತೋಳು ಹಿಡಿದು. ಕಿವಿಯ ಜೊತೆ ನಡಿಗೆಯ ಹದವೂ ತಪ್ಪಿದೆ.

ಲ್ಯಾಬಿನವಳು ಎಲ್ಲ ಹೇಳಿದಳು. ಇಸ್ತ್ರಿ ಹಂದಿಯ ಕಿವಿಯ ಬಿಲ್ಲೆಯನ್ನು ತಿರುಗಿಸಿ ನೋಡಿದ. ನಂಬರು ತನ್ನ ಕಂಪನಿಯದೇ. ತಮ್ಮನ ಕಡೆ ಬೆರಳು ತೋರಿಸಿದ.

"ಸಾರ್, ಈ ಮನುಷ್ಯ ಗೋಡೌನಿಂದ ಪುಡಿ ಕದ್ದು ಗಾಯಕ್ಕೆ ಹಾಕ್ಕೊಂಡಿದ್ದಾನೆ. ಕ್ರಿಮಿ ಬಲಿತಿದ್ದು ಅದರಿಂದ. ಮೊದಲು ಕಳ್ಳತನದ ಕೇಸ್ ಆಗಬೇಕು."

"ಯಾವ ಪುಡಿ?" ಅಂದೆ.

"ಫೀಡಿಗೆ ಬೆರೆಸೋ ಆಂಟಿಬಯೋಟಿಕ್..."

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡ.

"ಒಂದು ಚಿಟಿಕೆನೂ ಇಲ್ಲ ಅಂದಿದ್ರಿ, ಶಾಲೆಯ ಹಾಲ್‌ನಲ್ಲಿ, ಮೈಕಿನಲ್ಲಿ. ಸಾರ್, ನೀವೂ ಮುಂದೆ ಕೂತಿದ್ರಿ. ಇಲ್ಲದ್ದನ್ನ ನನ್ನ ತಮ್ಮ ಹೇಗೆ ಕದ್ದ?"

ಅಧಿಕಾರಿ ನೆಲ ನೋಡುತ್ತಿದ್ದರು.

"ಮತ್ತೆ ಹಂದಿಯ ಗಂಟಲಿಗೆ ಯಾರು ಪುಡಿ ಉದುರಿಸಿದರು ಸಾರ್? ಅಲ್ಲೂ ಇದೇ ಕ್ರಿಮಿ ಇತ್ತಲ್ಲ" ಎಂದಳು ಲ್ಯಾಬಿನವಳು, ಮೆಲ್ಲಗೆ.

ಏನು ನಡೆಯುತ್ತಿದೆ ಎಂದು ತಮ್ಮನಿಗೆ ತಿಳಿಯದು. ಎಲ್ಲರ ಬಾಯಿಗಳನ್ನು ಒಂದೊಂದಾಗಿ ನೋಡಿ, ಕಿಟಕಿ ನಡುಗುವಂತೆ ಕೇಳಿದ: "ಅಕ್ಕಾ, ನಾನೇನು ತಪ್ಪು ಮಾಡಿದ್ನಂತೆ?"

ಸ್ಲೇಟಿನಲ್ಲಿ ಬರೆದೆ: ಏನೂ ಇಲ್ಲ.

ಏಪ್ರಿಲ್ ೧೧, ಬೆಳಿಗ್ಗೆ

ನಿನ್ನೆ ಪುಡಿಯ ಗೋಡೌನಿಗೆ ಸೀಲು ಹಾಕಿದರು. ಎಲ್ಲ ಹಂದಿಗಳ ಗಂಟಲೂ ಪರೀಕ್ಷೆಯಂತೆ. ಕಳ್ಳತನದ ಮಾತು ಬಿಟ್ಟರು. ಸಂಜೆ ಶೆಡ್ಡಿನವರು ಬಂದು ತಮ್ಮನ ಕೈ ಕುಲುಕಿ ಹೋದರು. ಗೆದ್ದೆವು ಎನ್ನಬೇಕು. ಎನ್ನಲು ಬಾಯಿ ಬರುತ್ತಿಲ್ಲ. ಅಂದು ಆ ಸಭೆ ನಗದಿದ್ದರೆ... ಅಷ್ಟೇ ಸಾಕಿತ್ತು.

ಈಗ ಸೈರನ್ ಆಯಿತು. ಎಂದಿನಷ್ಟೇ ಜೋರು, ಸ್ಟೀಲ್ ಲೋಟಗಳು ಕಿಣಿಕಿಣಿ ಎಂದವು. ಒಳಕೋಣೆಯಲ್ಲಿ ತಮ್ಮ ಕದಲಲಿಲ್ಲ.

ಪೇಪರು ಬಿಡಿಸಿದ್ದೇನೆ. ಓದಲು ಅಡ್ಡಿ ಮಾಡುವವರಿಲ್ಲ. ಒಂದಕ್ಷರ ತಲೆಗೆ ಹೋಗುತ್ತಿಲ್ಲ.

ಬಿಸಿಲು ಮುಖಕ್ಕೆ ಬಿದ್ದ ಮೇಲೆ ಎದ್ದ. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು, ಗಾಬರಿಯಿಂದ ಗಡಿಯಾರ ನೋಡಿ, ಬೀದಿಗೆಲ್ಲ ಕೇಳುವಂತೆ ಕೇಳಿದ —

"ಅಕ್ಕಾ, ಇವತ್ತು ಸೈರನ್ ಕೆಟ್ಟಿದ್ಯಾ?"

ಸ್ಲೇಟು ಕೈಗೆ ತಗೊಂಡೆ. ಬಳಪ ಊರಿದೆ. ಏನಂತ ಬರೆಯಲಿ?